ಕತ್ತಾಳೆ ರಸದ ಕೈ

ಶಶಿಕಲಾಳ ತಾಟು ಹೊರಗಿನ ಕಟ್ಟೆಯ ಮೇಲೆ, ಬೋರಲು ಹಾಕಿದ ಬಕೆಟ್ಟಿನ ಪಕ್ಕದಲ್ಲಿ ಇರುತ್ತಿತ್ತು. ಊಟದ ಹೊತ್ತಿಗೆ ನಾದಿನಿ ಮಹಾನಂದಾ ಒಳಗಿನಿಂದ ಎರಡು ಜೋಳದ ರೊಟ್ಟಿ ತಂದು, ತಾಟಿಗೆ ತನ್ನ ಕೈ ತಾಗದಂತೆ ಮೇಲಿನಿಂದಲೇ ಬಿಡುತ್ತಿದ್ದಳು. ಪಲ್ಯವನ್ನೂ ಹಾಗೆಯೇ ಸುರಿಯುವುದು. ಹದಿನಾಲ್ಕು ತಿಂಗಳಿಂದ ಇದೇ ನಡೆದಿತ್ತು.

“ಅವ್ವಾ, ನಾನೂ ಇಲ್ಲೇ ಉಣ್ತೇನಿ,” ಎಂದು ನಾಲ್ಕು ವರ್ಷದ ದಾನೇಶ್ವರಿ ಹೊಸ್ತಿಲಲ್ಲಿ ನಿಂತು ಕೇಳಿದಳು.

“ದಾನಿ, ಒಳಗ ಬಾ,” ಎಂದು ಅಡುಗೆಮನೆಯಿಂದ ಅಜ್ಜಿ ಅನುಸೂಯಾಬಾಯಿ ಕರೆದರು. “ಅವ್ವನ ಕೈಲೆ ಉಂಡ್ರ ಹೊಟ್ಟ್ಯಾಗ ಝಿಂಗಾದ ಮೀಸಿ ಬೆಳೀತಾವ.”

ಮಗು ನಕ್ಕು ಒಳಗೆ ಓಡಿತು. ಶಶಿಕಲಾ ನಗಲಿಲ್ಲ. ರೊಟ್ಟಿ ಮುರಿದಳು.

ಇದಕ್ಕೆಲ್ಲ ಕಾರಣ ಮನೆಯ ಮಗ್ಗುಲ ಹೊಲದಲ್ಲಿದ್ದ ಹೊಂಡ. ಔರಾದ ತಾಲ್ಲೂಕಿನ ಎಕಂಬಾದಲ್ಲಿ ಅವಳ ಮಾವ ಶಿವರಾಜಪ್ಪನವರದು ನಾಲ್ಕು ಮಂದಿ ಎದ್ದು ನಿಂತು ಮಾತಾಡಿಸುವಂಥ ಮನೆತನ. ಅವರ ಮಗ, ಶಶಿಕಲಾಳ ಗಂಡ ಅವಿನಾಶ ಮೊಬೈಲಿನಲ್ಲಿ ನೋಡಿ ನೋಡಿ, ಪ್ಲಾಸ್ಟಿಕ್ ಹಾಸಿದ ಹೊಂಡ ತೋಡಿಸಿ ಸಿಹಿನೀರಿನ ಸೀಗಡಿ ಬಿಟ್ಟಿದ್ದ. ಈ ಕಡೆಯವರ ಬಾಯಲ್ಲಿ ಅದು ಝಿಂಗಾ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ, ಒಂದು ತತ್ತಿ ಕೂಡ ಆ ಹೊಸ್ತಿಲು ದಾಟಿದ್ದಿಲ್ಲ. ಅನುಸೂಯಾಬಾಯಿ ಮೂರು ದಿನ ಊಟ ಬಿಟ್ಟರು. ನಾಲ್ಕನೆಯ ದಿನ ಶಿವರಾಜಪ್ಪ ಹಾವೂ ಸಾಯದ ಕೋಲೂ ಮುರಿಯದ ದಾರಿಯೊಂದನ್ನು ಹುಡುಕಿದರು.

“ಅವಿನಾಶ ಮುಟ್ಟೂದು ಬ್ಯಾಡ. ದಿನಾ ಪೂಜಾ ಮಾಡೋ ಕೈ ಅದು. ನೀರಿಗಿ ಸೊಸಿ ಇಳೀಲಿ.”

“ಸೊಸಿ ಅಡಿಗಿ ಮಾಡಾಕಿ ಅಲ್ಲೇನ್ರಿ?” ಎಂದು ಅನುಸೂಯಾಬಾಯಿ ಕೇಳಿದರು.

“ಅಡಿಗಿ ನೀನು, ಮಹಾನಂದಾ ನೋಡ್ಕೊರಿ. ಆಕಿ ಹೊರಗಿರ್ಲಿ.”

ಶಶಿಕಲಾಳ ಕೊರಳಲ್ಲೂ ಲಿಂಗವಿತ್ತು. ಅವಳೂ ದಿನಾ ಪೂಜೆ ಮಾಡುತ್ತಿದ್ದಳು, ಹುಟ್ಟಿದಾಗಿನಿಂದ ಅವಳೂ ಮಾಂಸ ಮುಟ್ಟಿದವಳಲ್ಲ. ಅದನ್ನು ಆ ದಿನ ಯಾರೂ ನೆನಪಿಸಿಕೊಳ್ಳಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಆ ಮನೆಯಲ್ಲಿ ಕೆಸರಾದದ್ದು ಸೊಸೆಯ ಕೈ, ಮೊಸರಾದದ್ದು ಉಳಿದವರ ಬಾಯಿ. ಮೊದಲ ಬೆಳೆಯ ದುಡ್ಡಿನಲ್ಲಿ ಫ್ರಿಜ್ ಬಂತು. ಅದರ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದು ಶಶಿಕಲಾಗೆ ಇನ್ನೂ ಗೊತ್ತಿರಲಿಲ್ಲ.

ಎರಡನೆಯ ಬೆಳೆಗೆ ನೀರು ಕೆಟ್ಟಿತು. ಮೂಗಿಗೆ ಚುಚ್ಚುವ ವಾಸನೆ, ಮೇಲೆ ಹಸಿರು ಕೆನೆ. ಝಿಂಗಾಗಳು ಬೆಳಗಾದರೆ ದಂಡೆಗೆ ಬಂದು ಮೀಸೆ ಮೇಲೆತ್ತಿ ನಿಲ್ಲುತ್ತಿದ್ದವು. ಬೀದರದಲ್ಲಿ ಒಂದು ದಿನದ ತರಬೇತಿ ಇದೆಯೆಂದು ಗಂಡ ಹೆಂಡತಿ ಹೋದರು. ಅವಿನಾಶ ಹಿಂದಿನ ಸಾಲಿನಲ್ಲಿ ಕೂತು ಪಂಖದ ಗಾಳಿಗೆ ನಿದ್ದೆ ಹೋದ. ಬರೆದುಕೊಂಡವಳು ಶಶಿಕಲಾ.

ಉಳಿದ ಮೇವು, ಹಿಕ್ಕೆ ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ, ಅದನ್ನು ಹಿಡಿದಿಡಲು ಪರದೇಶದ ಒಂದು ಗಿಡದ ರಸ ಬಾಟಲಿಯಲ್ಲಿ ಬರುತ್ತದೆ, ಬಲು ತುಟ್ಟಿ ಎಂದು ಹೇಳಿ ಮೇಷ್ಟ್ರು ಗೋಡೆಯ ಮೇಲೆ ಚಿತ್ರ ತೋರಿಸಿದರು.

“ಸರ್, ಇದು ನಮ್ಮ ಬದುವಿನ್ಯಾಗಿನ ಕತ್ತಾಳಿ ಕಂಡಂಗ ಕಾಣ್ತದರಿ,” ಎಂದಳು ಶಶಿಕಲಾ.

“ಅದರ ದಾಯಾದಿನೇ ಅದು ತಂಗಿ. ಆದರ ಮೊದಲ ಬಕೆಟ್‌ನಾಗ ಹಾಕಿ ನೋಡ್ರಿ. ಹೆಚ್ಚಾದ್ರ ಆ ರಸನೇ ವಿಷ. ಇನ್ನೊಂದು, ಅಮೋನಿಯಾ ಇದ್ದ ನೀರಿಗಿ ಸುಣ್ಣ ಹಾಕಬ್ಯಾಡ್ರಿ. ಮಲಗಿದ ವಿಷ ಎದ್ದು ಕೂಡ್ತದ.”

ಈ ಸುಣ್ಣದ ಮಾತನ್ನು ಅವಳು ವಾಪಸು ಬರುವಾಗ ಬಸ್ಸಿನಲ್ಲಿ ಗಂಡನಿಗೆ ಎರಡು ಸಲ ಹೇಳಿದಳು. ಅವನು ಎರಡು ಸಲವೂ “ಹೂಂ” ಅಂದ.

ಮರುದಿನದಿಂದ ಅವಳ ಕೆಲಸ ಶುರುವಾಯಿತು. ಕತ್ತಾಳೆಯ ಎಲೆ ಕಡಿದು, ಮುಳ್ಳು ಸವರಿ, ಕಲ್ಲಿನ ಮೇಲೆ ಜಜ್ಜಿ, ನೆನೆಹಾಕಿ, ಹಳೆಯ ಸೀರೆಯಲ್ಲಿ ಸೋಸಿ ರಸ ತೆಗೆದಳು. ಐದು ಬಕೆಟ್ಟಿನಲ್ಲಿ ಹತ್ತತ್ತು ಝಿಂಗಾ ಬಿಟ್ಟು, ಒಂದೊಂದಕ್ಕೆ ಒಂದೊಂದು ಅಳತೆ ಹಾಕಿ ನೋಡಿದಳು. ಎರಡು ಬಕೆಟ್ಟಿನವು ಸತ್ತವು, ಮೂರರಲ್ಲಿ ಬದುಕಿದವು. ಹಾಗೆ ಲೆಕ್ಕ ಸಿಕ್ಕಿತು. ವಾರಕ್ಕೊಮ್ಮೆ ಇಡೀ ಹೊಂಡಕ್ಕೆ ಆರು ತಂಬಿಗೆ ಹಾಕಬೇಕು, ಸಂಜೆ ಹಾಕಬಾರದು. ತಿಂಗಳೊಳಗೆ ವಾಸನೆ ಇಳಿಯಿತು. ಅಮೋನಿಯಾ ತಿಳಿಯಲು ತರಬೇತಿಯಲ್ಲಿ ಕೊಟ್ಟ ಔಷಧಿ ಹನಿಸಿದರೆ ಗಾಜಿನ ನಳಿಕೆಯಲ್ಲಿ ಮೊದಲು ಕಡು ಹಸಿರು ಬರುತ್ತಿದ್ದ ನೀರು ಈಗ ತಿಳಿ ಹಳದಿ ಬರುತ್ತಿತ್ತು.

ಆದರೆ ಕತ್ತಾಳೆ ಬಿಟ್ಟಿ ಬರುವುದಿಲ್ಲ. ಅದರ ರಸ ತಾಗಿದಲ್ಲಿ ಚರ್ಮ ತುರಿಸಿ ಗುಳ್ಳೆ ಏಳುತ್ತದೆ. ಶಶಿಕಲಾಳ ಅಂಗೈ ಸುಲಿಯಿತು, ಬೆರಳ ಸಂದುಗಳಲ್ಲಿ ಕೆಂಪು ಬಿರುಕು ಬಿತ್ತು. ಅವಿನಾಶನಿಗೆ ರಬ್ಬರಿನ ಕೈಗವಸು ತರಲು ಹೇಳಿದ್ದಳು. ಅವನು ಔರಾದಕ್ಕೆ ಹೋದಾಗಲೆಲ್ಲ ಮರೆತು ಬಂದ.

ಬೀದರದ ಚಿದ್ರಿಯಿಂದ ಝಿಂಗಾ ಒಯ್ಯಲು ಬರುತ್ತಿದ್ದ ವ್ಯಾಪಾರಿ ಮಕ್ಬೂಲ ನೀರು ನೋಡಿ ತಲೆದೂಗಿದ. “ಅವಿನಾಶಭಾಯಿ, ಹಿಂತಾ ನೀರು ನಾ ಎಲ್ಲೂ ನೋಡಿಲ್ಲರಿ.”

“ನಮ್ದು ಟೆಕ್ನಿಕ್ ಬ್ಯಾರೆ ಅದ,” ಎಂದ ಅವಿನಾಶ. ಐದು ಮಾರು ಆಚೆ ಶಶಿಕಲಾ ಎಲೆ ಜಜ್ಜುತ್ತಿದ್ದಳು. ಮಕ್ಬೂಲ ಆ ಕಡೆ ಒಮ್ಮೆ ನೋಡಿದ.

ಅವಳಿಗೆ ಹೊಗಳಿಕೆ ಬೇಕಿರಲಿಲ್ಲ. ಬೇಕಾದದ್ದು ಒಂದೇ. ಅದನ್ನು ಒಂದು ಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡು ಬಂದು ಅತ್ತೆಯನ್ನು ಕೇಳಿದಳು.

“ಅತ್ತಿ, ದಾನಿಗಿ ಒಂದು ತುತ್ತು ನಾ ಉಣಸ್ಲೇನ್ರಿ? ಜಳಕಾ ಮಾಡೇನಿ.”

“ನಿನ್ನ ಕೈ ನೀನೇ ನೋಡ್ಕೋ. ನಾಯಿ ಸುದ್ದಾ ಮೂಸೂದಿಲ್ಲ.”

“ನಾ ಹಡದ ಕೂಸರಿ ಅದು.”

“ನಾ ಬ್ಯಾಡ ಅಂದೇನೇನು? ಮಹಾನಂದಾಂದು ಕೂಡಿ ಬರ್ಲಿ. ಆಕಿ ಹೋದ್ರ ಒಲಿ ಮುಂದ ಯಾರು ಕೂಡಾವ್ರು? ನೀನೇ. ಅಲ್ಲಿ ತನಾ ಸುಮ್ಮ ಇರು.”

ಹೀಗೆ ಶಶಿಕಲಾಳ ತುತ್ತು ನಾದಿನಿಯ ಮದುವೆಗೆ ಗಂಟು ಬಿತ್ತು. ಅಂದಿನಿಂದ ಮಹಾನಂದಾಳಿಗಿಂತ ಹೆಚ್ಚಾಗಿ ಅವಳೇ ವರನ ದಾರಿ ಕಾದಳು.

ವರ ಭಾಲ್ಕಿಯಲ್ಲಿ ಸಿಕ್ಕ. ಹೆಸರು ಅಮಿತಕುಮಾರ, ಸ್ವಂತ ಬಟ್ಟೆ ಅಂಗಡಿ. ಆದರೆ ಅವನ ತಾಯಿ ಫೋನಿನಲ್ಲೇ ಕೇಳಿಬಿಟ್ಟರು. “ನಿಮ್ಮ ಮನ್ಯಾಗ ಝಿಂಗಾ ಸಾಕ್ತಾರಂತಲ್ರಿ? ಹಂಗಿದ್ರ ನಮಗ ಹೊಂದೂದಿಲ್ಲ.”

“ಅಯ್ಯ, ಎಲ್ಲಿದರಿ. ಸೊಸಿ ಏನೋ ಹುಚ್ಚು ಹಚ್ಕೊಂಡಿದ್ಳು. ಈಗ ಬಿಡಿಸೇವಿ,” ಎಂದರು ಶಿವರಾಜಪ್ಪ, ಕಟ್ಟೆಯ ಮೇಲೆ ಉಣ್ಣುತ್ತಿದ್ದ ಸೊಸೆಯ ಎದುರಿಗೇ.

ಭಾನುವಾರ ಹೆಣ್ಣು ನೋಡಲು ಬರುವುದೆಂದಾಯಿತು. ಹೊಂಡದಲ್ಲಿ ಅದೇ ದಿನ ಹಿಡಿಯಬೇಕಾದ ಝಿಂಗಾ ತುಂಬಿ ನಿಂತಿದ್ದವು. ಬೇಸಿಗೆ, ನೀರು ಅರ್ಧಕ್ಕೆ ಇಳಿದಿತ್ತು. ಶನಿವಾರ ಮುಂಜಾನೆ ಮನೆಗೆ ಸುಣ್ಣ ಬಳಿಯಲು ಆಳುಗಳು ಬಂದರು. ಅನುಸೂಯಾಬಾಯಿ ಸೊಸೆಯನ್ನು ಕರೆದರು.

“ನೀ ಬೀದರಕ್ಕ ಹೋಗು. ಮಕ್ಬೂಲಗ ನಾಳಿಗಿ ಗಾಡಿ ತರಬ್ಯಾಡ ಅನ್ನು. ಮಂಗಳವಾರ ಬರ್ಲಿ.”

“ಫೋನ್ ಮಾಡಿದ್ರ ಆಗ್ತದಲ್ರಿ ಅತ್ತಿ.”

“ಹೋಗು ಅಂದ್ರ ಹೋಗು. ಮನಿ ಶುದ್ಧ ಮಾಡೂ ಹೊತ್ತಿನ್ಯಾಗ ನೀ ಅಡ್ಡ ತಿರಗೂದು ಬ್ಯಾಡ.”

ಚಿದ್ರಿಯಲ್ಲಿ ಮಕ್ಬೂಲನ ತಾಯಿ ಮರಿಯಮಬೀ ಅವಳನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ. ಕೈ ಹಿಡಿದು ಅಡುಗೆಮನೆಗೇ ಕರೆದೊಯ್ದು ಚಾಪೆಯ ಮೇಲೆ ಕೂಡಿಸಿದರು. “ನೀ ಬಸ್ ಹತ್ತುವಾಗ ಫೋನ್ ಮಾಡಿದ್ದಿ ಅಂತ ಮಕ್ಬೂಲ ಹೇಳಿದ ಬೇಟಿ. ನಿಮಗ ನಡೀಬೇಕಲ್ಲ ಅಂತ ಹೊಸ ಬೋಗೋಣ್ಯಾಗ ಖಿಚಡಿ ಮಾಡೇನಿ. ನಮ್ದೇನೂ ತಾಗಿಲ್ಲ. ಉಣ್ಣು.”

ಹದಿನಾಲ್ಕು ತಿಂಗಳ ನಂತರ ಶಶಿಕಲಾ ಒಲೆಯ ಮುಂದೆ ಕೂತು ಉಂಡಳು. ಕಣ್ಣಲ್ಲಿ ನೀರು ಬಂತು, ಹೊಗೆ ಎಂದಳು. ಅಲ್ಲಿ ಇದ್ದದ್ದು ಗ್ಯಾಸಿನ ಒಲೆ.

ಮಕ್ಬೂಲ ಹೊರಗಿನಿಂದಲೇ ಹೇಳಿದ. “ಮಂಗಳವಾರ ಬರ್ತೇನ್ರಿ. ಇನ್ನೊಂದು ಮಾತು ಅಕ್ಕಾ, ನಿಮ್ಮ ತವರೂರು ಮನ್ನಳ್ಳಿ ಕಡಿ ಇಬ್ಬರು ಹೊಂಡ ಮಾಡ್ಯಾರ. ನೀರು ನೋಡ್ಕೊಳ್ಳಾಕ ನಿಮ್ಮಂಥವ್ರು ಬೇಕಂತ. ಆ ರಸಾ ಯಾರು ಮಾಡ್ತಾರಂತ ನನಗ ಗೊತ್ತದರಿ.”

“ನೋಡ್ತೇನ್ರಿ,” ಎಂದಳು ಶಶಿಕಲಾ. ಬಸ್ಸಿನಲ್ಲಿ ಆ ಮಾತನ್ನೇ ನೆನೆಯುತ್ತ ಬಂದಳು. ಆದರೆ ಅವಳಿಗೆ ಮೊದಲು ಬೇಕಾದದ್ದು ಮನ್ನಳ್ಳಿಯ ಹೊಂಡವಲ್ಲ.

ಸಂಜೆ ಮನೆ ಬೆಳ್ಳಗೆ ಹೊಳೆಯುತ್ತಿತ್ತು. ಶಶಿಕಲಾ ಹೊಂಡಕ್ಕೆ ಮೇವು ಚೆಲ್ಲಿದರೆ ಒಂದು ಝಿಂಗಾವೂ ಮೇಲೆ ಬರಲಿಲ್ಲ. ಕತ್ತಲಾಗುತ್ತಿತ್ತು, ಹಗಲಿನ ಬಿಸಿಲಿಗೆ ತಳ ಹಿಡಿದಿರಬೇಕು ಅಂದುಕೊಂಡಳು.

ಭಾನುವಾರ ಬೆಳಗಾದಾಗ ಹೊಂಡದ ದಂಡೆಗೆಲ್ಲ ಕೆಂಪಗೆ ಸಾಲು ಬಿದ್ದಿತ್ತು. ಬಗ್ಗಿ ನೋಡಿದರೆ ಎಲ್ಲವೂ ಝಿಂಗಾ. ಕೆಲವು ಇನ್ನೂ ಕಾಲು ಆಡಿಸುತ್ತಿದ್ದವು. ನೀರಿನಂಚಿಗೆ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಗೆರೆಯೊಂದು ಸುತ್ತಲೂ ಹೋಗಿತ್ತು. ಅವಳು ಬೆರಳಿಂದ ಕೆರೆದು ನೋಡಿದಳು, ಬಿರುಕು ಬಿಟ್ಟ ಬೆರಳು ಚುರುಗುಟ್ಟಿತು. ಓಡಿಹೋಗಿ ಗಂಡನನ್ನು ಎಬ್ಬಿಸಿದಳು.

“ಹೊಂಡಕ್ಕ ಸುಣ್ಣ ಯಾರು ಹಾಕಿದ್ರು?”

ಅವಿನಾಶ ಕಣ್ಣುಜ್ಜಿದ. “ಅವ್ವ ಅಂದ್ಳು. ಶುಭಕಾರ್ಯದ ಮುಂದ ಬಾವಿಗಿ ಹಾಕ್ತೇವಲ್ಲ, ಹಂಗೇ ಹೊಂಡಕ್ಕೂ ಹಾಕು, ಮೈಲಿಗಿ ಹೋಗ್ತದ, ನಾರೂದಿಲ್ಲ ಅಂದ್ಳು. ಉಳದದ್ದು ಮೂರು ಚೀಲ ಇತ್ತು.”

“ನಿಮಗ ಬಸ್ಸಿನ್ಯಾಗ ಎರಡು ಸಲ ಹೇಳಿದ್ದೆ.”

“ನೆನಪಾಗ್ಲಿಲ್ಲ.”

ಅವಳು ನಳಿಕೆಯಲ್ಲಿ ನೀರು ಹಿಡಿದು ಔಷಧಿ ಹನಿಸಿ, ಕಡು ಹಸಿರಾದದ್ದನ್ನು ಅಂಗಳಕ್ಕೆ ತಂದು ಎಲ್ಲರ ಮುಂದೆ ಹಿಡಿದಳು. ಶಿವರಾಜಪ್ಪ ಹಣೆಗೆ ವಿಭೂತಿ ಧರಿಸಿ ಪೂಜೆಯಿಂದ ಎದ್ದು ಬಂದಿದ್ದರು. ಹೊಂಡದ ಕಡೆ ನೋಡಿದರು, ಬೆಳ್ಳಗಿನ ಮನೆ ನೋಡಿದರು, ಗಡಿಯಾರ ನೋಡಿದರು.

“ಹತ್ತಕ್ಕ ಅವರು ಬರ್ತಾರ,” ಎಂದರು. “ದಾರಿ ಹೊಂಡದ ಮಗ್ಗಲಿಂದನೇ ಅದ. ಝಿಂಗಾ ಇಲ್ಲ ಅಂದೇನಿ. ಈಗ ಸತ್ತದ್ದು ಕಾಣ್ತಾವ.”

“ಇದನ್ನ ನೋಡ್ರಿ ಮಾವಾರಿ. ಸುಣ್ಣದಿಂದ ಆಗ್ಯಾದ.”

“ನಿನ್ನ ಗಾಜಿನ ನಳಿಗಿ ನನ್ನ ಮಗಳ ಲಗ್ನಾ ಮಾಡ್ತದೇನು?” ಎಂದು ಅನುಸೂಯಾಬಾಯಿ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಬಚ್ಚಲಿಗೆ ಸುರಿದರು. ಸಿಟ್ಟಿನಿಂದಲ್ಲ, ಉಂಡ ತಾಟು ತೊಳೆಯುವವರ ಹಾಗೆ. “ಕೇಳು. ದಂಧಾ ನಿಂದು. ನಾವು ಬ್ಯಾಡ ಬ್ಯಾಡ ಅಂದ್ರೂ ಮಾಡಿದ್ದಿ. ನಿನ್ನ ಕತ್ತಾಳಿ ರಸದ ವಿಷಕ್ಕ ಎಲ್ಲಾ ಸತ್ತಾವ, ಇವತ್ತಿಗಿ ಮುಗೀತು. ಅವರು ಬಂದಾಗ ನೀ ಹಿಂಗ ಅನ್ನು.”

“ನಾ ಯಾಕ ಅನ್ಲಿ? ಎಂಟು ತಿಂಗಳು ಆ ರಸಾನೇ ಅವನ್ನ ಬದುಕಿಸ್ಯಾದ.”

“ಗುರುವಾರ ದಿನ ಛಲೋ ಅದ, ಒಲಿ ಮುಂದ ನಿನ್ನ ಕೂಡೂ ಮಣಿ ಹಾಕ್ತೇನಿ. ಅಡಿಗಿ ನೀನೇ ಮಾಡು.”

ಅವಿನಾಶ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ.

“ದಾನಿಗಿ ನಾನೇ ಉಣಸ್ತೇನಿ,” ಎಂದಳು ಶಶಿಕಲಾ.

“ನೀನೇ ಉಣಸು. ಕೊರಳಾಗಿನ ಲಿಂಗದ ಆಣಿ.”

ಭಾಲ್ಕಿಯವರು ಹತ್ತೂವರೆಗೆ ಬಂದರು. ಅಮಿತಕುಮಾರನ ತಾಯಿ ಹೊಂಡದ ಬಳಿ ಮೂಗಿಗೆ ಸೆರಗು ಹಿಡಿದುಕೊಂಡೇ ಅಂಗಳಕ್ಕೆ ಕಾಲಿಟ್ಟರು. ನೀರು ಕುಡಿಯುವ ಮೊದಲೇ ಕೇಳಿದರು, ಇದೇನು ಎಂದು. ಶಿವರಾಜಪ್ಪ ಸೊಸೆಯ ಕಡೆ ನೋಡಿದರು. ಅವಳು ಮುಂದೆ ಬಂದಳು.

“ನನ್ನಿಂದ ತಪ್ಪಾಗ್ಯಾದರಿ. ಕತ್ತಾಳಿ ರಸಾ ಹಾಕಿದ್ದೆ. ವಿಷ ಆತು.”

“ಯಾರು ಹಾಕು ಅಂದ್ರು?”

“ಯಾರೂ ಅಂದಿಲ್ಲರಿ. ನಾನೇ, ನನ್ನ ಕೈಲೇ ಹಾಕೇನಿ.”

“ಕೈ ತೋರ್ಸು ನೋಡೋಣ.”

ಶಶಿಕಲಾ ಎರಡೂ ಅಂಗೈ ಚಾಚಿದಳು. ಸುಲಿದ ಚರ್ಮ, ಕೆಂಪು ಬಿರುಕು, ಕಪ್ಪಾದ ಉಗುರು. ಆ ಹೆಂಗಸು ಅರ್ಧ ಹೆಜ್ಜೆ ಹಿಂದೆ ಸರಿದರು.

“ಶಿವ ಶಿವಾ. ವಿಷ ಮೈಯಾಗೇ ಇಳದದಲ್ಲಾ. ಅನುಸೂಯಾಬಾಯಿ, ಇಂಥಾಕಿನ್ನ ಕಟ್ಕೊಂಡು ಹ್ಯಾಂಗ ಇದ್ದೀರಿ ನೀವು?”

“ನಮ್ಮ ಹಣೇಬರಹರಿ,” ಎಂದರು ಅನುಸೂಯಾಬಾಯಿ. ಅವರ ಸೀರೆಯ ನಿರಿಗೆ ಹಿಡಿದು ದಾನೇಶ್ವರಿ ನಿಂತಿದ್ದಳು. ಅವ್ವನ ಕೈಗಳನ್ನೇ ನೋಡುತ್ತಿದ್ದಳು.

ಮಾತು ಒಳಗೆ ಸರಿಯಿತು. ಶಿವರಾಜಪ್ಪ ಕಾಯಕ, ದಾಸೋಹದ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದರು. ಸಂಬಂಧ ಕುದುರಿತು. ಅವರೆಲ್ಲ ಹುಗ್ಗಿ ಉಣ್ಣುವ ಹೊತ್ತಿಗೆ ಶಶಿಕಲಾ ಹೊಲದಲ್ಲಿ ತಗ್ಗು ತೋಡಿ, ಬುಟ್ಟಿ ಬುಟ್ಟಿ ಝಿಂಗಾ ಸುರಿದು ಮಣ್ಣು ಎಳೆಯುತ್ತಿದ್ದಳು. ಒಂದೊಂದೂ ಗೇಣುದ್ದ ಬೆಳೆದಿತ್ತು. ಆ ದಿನ ಅವಳ ತಾಟಿಗೆ ರೊಟ್ಟಿ ಬಿಡುವುದು ಗಡಿಬಿಡಿಯಲ್ಲಿ ಎಲ್ಲರಿಗೂ ಮರೆತುಹೋಯಿತು.

ಮಂಗಳವಾರ ಮಕ್ಬೂಲ ಬರ್ಫದ ಪೆಟ್ಟಿಗೆ ಹೇರಿಕೊಂಡು ಬಂದ. ಖಾಲಿ ಹೊಂಡ ನೋಡಿದ. ದಂಡೆಯ ಬಿಳಿ ಗೆರೆಯನ್ನು ಹೆಬ್ಬೆರಳಿಂದ ತಿಕ್ಕಿ ನೋಡಿದ.

“ಇದು ಸುಣ್ಣ ಅಲ್ಲೇನ್ರಿ ಮಾಲಕ್?”

“ಸೊಸಿ ರಸಾ ಹಾಕಿ ಕೆಡಸ್ಯಾಳ. ನಾಲ್ಕು ಮಂದಿ ಮುಂದ ಒಪ್ಪ್ಯಾಳ,” ಎಂದರು ಶಿವರಾಜಪ್ಪ.

ಮಕ್ಬೂಲ ಶಶಿಕಲಾಳ ಕಡೆ ತಿರುಗಿದ. “ಖರೇನ ಅಕ್ಕಾ?”

“ಹೌದರಿ.”

“ಮನ್ನಳ್ಳಿಯವರಿಗಿ ಏನ್ ಹೇಳ್ಲಿ?”

ಗುರುವಾರಕ್ಕೆ ಇನ್ನೆರಡೇ ದಿನ ಉಳಿದಿತ್ತು. “ಬ್ಯಾಡ ಅನ್ರಿ,” ಎಂದಳು. ಮಕ್ಬೂಲ ಖಾಲಿ ಪೆಟ್ಟಿಗೆಗಳ ಜೊತೆ ವಾಪಸು ಹೋದ.

ಅನುಸೂಯಾಬಾಯಿ ಆಣೆ ತಪ್ಪುವ ಹೆಂಗಸಲ್ಲ. ಗುರುವಾರ ಬೆಳಿಗ್ಗೆ ಸೊಸೆಗೆ ತಾವೇ ಬಿಸಿನೀರು ಕಾಸಿ ಕೊಟ್ಟರು, ಹಣೆಗೆ ವಿಭೂತಿ ಹಚ್ಚಿದರು, ಒಲೆಯ ಮುಂದೆ ಮಣೆ ಹಾಕಿದರು. ಕಟ್ಟೆಯ ಮೇಲಿನ ಅಂಚು ನೆಗ್ಗಿದ ತಾಟನ್ನು ತಿಕ್ಕಿ ತೊಳೆದು ಒಳಗಿನ ತಾಟುಗಳ ಜೊತೆ ಇಟ್ಟರು. ಮಹಾನಂದಾ “ವೈನಿ, ಖಾರ ಈ ಡಬ್ಬ್ಯಾಗ ಅದ ನೋಡ್ರಿ,” ಎಂದು ಎಲ್ಲ ತೋರಿಸಿದಳು. ಶಶಿಕಲಾ ಫ್ರಿಜ್ಜಿನ ಬಾಗಿಲನ್ನು ತಪ್ಪು ಬದಿಯಿಂದ ಎಳೆದಾಗ ನಾದಿನಿ ನಕ್ಕಳು, ಅವಳೂ ನಕ್ಕಳು.

ತೊಗರಿ ಬೇಳೆ ಬೇಯಿಸಿದಳು, ಪುಂಡಿ ಪಲ್ಯ ಮಾಡಿದಳು, ಅನ್ನಕ್ಕೆ ಇಟ್ಟಳು. ಹಿಟ್ಟು ನಾದುವಾಗ ಅಂಗೈಯ ಬಿರುಕು ಉರಿಯಿತು, ಆದರೂ ರೊಟ್ಟಿ ಬಡಿಯುವುದನ್ನು ಕೈ ಮರೆತಿರಲಿಲ್ಲ. ಗಂಡಸರು ಉಂಡು ಎದ್ದರು. ಶಿವರಾಜಪ್ಪ ರೊಟ್ಟಿ ಛಲೋ ಆಗಿದೆ ಎಂದರು. ಆಮೇಲೆ ಅವಳು ಅದೇ ನೆಗ್ಗಿದ ತಾಟಿನಲ್ಲಿ ಬಿಸಿ ಅನ್ನ, ಬೇಳೆ, ತುಪ್ಪ ಹಾಕಿ ನುಣ್ಣಗೆ ಕಲಸಿದಳು. ಊದಿ ಊದಿ ಆರಿಸಿದಳು.

“ದಾನೀ, ಬಾ ನನ್ನವ್ವ.”

ದಾನೇಶ್ವರಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

“ಬಾ, ಅವ್ವ ಉಣಸ್ತಾಳ.”

“ಒಲ್ಲೆ.”

“ಯಾಕ ಕೂಸೇ? ಈಗ ಝಿಂಗಾ ಇಲ್ಲ. ಮೀಸಿ ಬೆಳಿಯೂದಿಲ್ಲ.” ಶಶಿಕಲಾ ನಗುತ್ತ ಎದ್ದು ಹೋಗಿ, ಮಗುವಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ತುತ್ತು ಬಾಯಿಯ ಹತ್ತಿರ ಹಿಡಿದಳು.

ಮಗು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿತು. ಬೆರಳ ಸಂದಿನಿಂದಲೇ ಮಾತಾಡಿತು.

“ನಿನ್ನ ಕೈಯಾಗ ವಿಷ ಅದ.”

“ಯಾರು ಹೇಳಿದ್ರು ನಿನಗ?”

“ನೀನೇ ಹೇಳಿದ್ದಿ. ಅವರ ಮುಂದ. ನನ್ನ ಕೈಲೇ ಅಂತ.”

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಅದು ಸುಳ್ಳು ಎನ್ನಲು ಶಶಿಕಲಾ ಬಾಯಿ ತೆರೆದಳು. ಪಡಸಾಲೆಯಲ್ಲಿ ಶಿವರಾಜಪ್ಪ ಭಾಲ್ಕಿಯವರ ಜೊತೆ ಫೋನಿನಲ್ಲಿ ಲಗ್ನದ ತಿಥಿ ಮಾತಾಡುತ್ತಿದ್ದರು. ಮಹಾನಂದಾ ಬೇಡುವವಳ ಹಾಗೆ ವೈನಿಯ ಕಡೆ ನೋಡಿದಳು. ಶಶಿಕಲಾ ಬಾಯಿ ಮುಚ್ಚಿದಳು.

ಅನುಸೂಯಾಬಾಯಿ ಬಂದು ಅವಳ ಕೈಯೊಳಗಿನ ತಾಟು ಮೆಲ್ಲಗೆ ತೆಗೆದುಕೊಂಡರು. “ಹೊಂದ್ಕೋತದ ಬಿಡು, ಸಣ್ಣ ಕೂಸು,” ಎಂದು ಕೆಳಗೆ ಕೂತು, ಶಶಿಕಲಾ ಕಲಸಿದ ಅದೇ ಅನ್ನದ ಒಂದು ತುತ್ತು ಮಾಡಿದರು. ದಾನೇಶ್ವರಿ ಕೈ ಇಳಿಸಿ ಬಾಯಿ ತೆರೆದಳು.

“ಛಲೋ ಆಗ್ಯಾದೇನು?”

“ಹೂಂ, ಆಯಿ,” ಎಂದಿತು ಮಗು, ತುಂಬಿದ ಬಾಯಲ್ಲಿ.

“ಶಶಿ, ಅಲ್ಲೇ ಕುಂತಿಯಲ್ಲ,” ಎಂದರು ಅನುಸೂಯಾಬಾಯಿ ಇನ್ನೊಂದು ತುತ್ತು ಮಾಡುತ್ತ. “ಹಂಚಿನ ಮ್ಯಾಲಿನ ರೊಟ್ಟಿ ಹೊತ್ಲಾಕತ್ಯಾದ, ತಿರುವಿ ಹಾಕು.”

ಶಶಿಕಲಾ ಎದ್ದು ಹೋಗಿ ರೊಟ್ಟಿ ತಿರುವಿ ಹಾಕಿದಳು.